ಬೆಳಗಿನ ಮಂಡಿ

ಬೆಳಿಗ್ಗೆ ಏಳು ಗಂಟೆ. ಆರು ವರ್ಷದ ಪುಟ್ಟಿ ಅಜ್ಜಿಯ ಕೈ ಹಿಡಿದು ಕುಂಟುತ್ತ ಡಾಕ್ಟರ ಕೋಣೆಯೊಳಗೆ ಬಂದಳು.

“ಎಲ್ಲ ಶಾಲೆ ತಪ್ಪಿಸೋ ನಾಟಕ ಡಾಕ್ಟ್ರೇ. ಸಂಜೆ ನೋಡಿ, ಮಂಗನ ಹಾಗೆ ಹಾರ್ತಾಳೆ,” ಎಂದಳು ಅಜ್ಜಿ.

“ಅದಕ್ಕೇ ಎದ್ದ ಕೂಡಲೇ ಕರ್ಕೊಂಡು ಬನ್ನಿ ಅಂದಿದ್ದು.” ಡಾಕ್ಟರು ಅಜ್ಜಿಯ ಅಂಗೈಯನ್ನು ಮಗುವಿನ ಎಡಮಂಡಿಯ ಮೇಲಿಟ್ಟರು. ಅದು ಅಜ್ಜಿಯ ಮಂಡಿಯಂತೆಯೇ ಊದಿಕೊಂಡು ಬೆಚ್ಚಗಿತ್ತು. “ಕೀಲುವಾತ ಇರಬೇಕು. ಮಕ್ಕಳಿಗೂ ಬರುತ್ತೆ. ಬೆಳಿಗ್ಗೆ ಬಿಗಿಯುತ್ತೆ, ಓಡಾಡಿದ್ರೆ ಸಡಿಲ ಆಗುತ್ತೆ. ಔಷಧಿ ಇದೆ, ತಡ ಮಾಡ್ಬಾರ್ದು.”

ಅಜ್ಜಿ ಕೈ ತೆಗೆಯಲಿಲ್ಲ. “ನನ್ನ ಕಾಯಿಲೇನ ಯಾಕೆ ಕದ್ದೆಯೇ, ಕಳ್ಳಿ?”

“ಕದ್ದಿಲ್ಲ ಅಜ್ಜಿ. ಅದೇ ಬಂತು.”

ಡಾಕ್ಟರು ಮಕ್ಕಳ ಕೀಲುತಜ್ಞರಿಗೆ ಆಗಲೇ ಫೋನ್ ಮಾಡಿದರು. ಗುರುವಾರ ನೋಡುತ್ತೇನೆಂದರು ಅವರು. ಅಜ್ಜಿ ಅಲ್ಲಿಂದ ನೇರ ಶಾಲೆಗೆ ಹೋಗಿ, ಮೊಮ್ಮಗಳು ಇನ್ನು ಸ್ವಲ್ಪ ದಿನ ತಡವಾಗಿಯೇ ಬರುತ್ತಾಳೆಂದು ಟೀಚರಿಗೆ ಹೇಳಿದಳು.