ಮೂಲಪುರುಷನ ಬೂದಿ

ಹೆಣ ಸುಟ್ಟರೂ, ಹಸುಗೂಸಾಗಿದ್ದಾಗ ಕುಡಿದ ನೀರಿನ ಗುರುತನ್ನು ಕಿವಿಯೊಳಗಿನ ಎಲುಬು ಕಳೆದುಕೊಳ್ಳುವುದಿಲ್ಲ. ಹಾಗಾಗಿ ಬೂದಿ ಪರೀಕ್ಷೆಯಾಗದೆ, ಸತ್ತವರ ಬೂದಿ ಹೂಳುವ ಊರ ಗುಡ್ಡೆಯಲ್ಲಿ ಯಾರಿಗೂ ಜಾಗವಿಲ್ಲವೆಂದು ಈಚೆಗೆ ಕಟ್ಟಳೆಯಾಗಿತ್ತು. ಪರವೂರಿನ ನೀರು ಕುಡಿದವರ ಬೂದಿ ಟೆಂಪೊ ಹತ್ತಿ ತನ್ನೂರಿಗೆ ಹೋಗಬೇಕು.

ಹೊಳೆಯಾಚೆಯಿಂದ ಸೊಸೆಯಾಗಿ ಬಂದ ದುರುಗವ್ವನಿಗೆ ಅದೊಂದೇ ಕೊರಗು. ಆಗಲೇ ಗುಡ್ಡೆ ಸೇರಿದ್ದ ಗಂಡನ ಮಗ್ಗುಲಲ್ಲಿ ತನಗೆ ಜಾಗ ಸಿಗುವುದಿಲ್ಲವಲ್ಲ ಎಂದು.

ಗುಡ್ಡೆ ಸಮಿತಿಯ ಅಧ್ಯಕ್ಷ ಶೇಖರಗೌಡರು ಅಂದು ಎಲ್ಲರ ಮುಂದೆ ಊರ ಮೂಲಪುರುಷನ ಬೂದಿಯ ಮಡಕೆಯನ್ನೇ ತೆರೆಸಿದ್ದರು. ಮೂರು ಸಾವಿರ ವರ್ಷದ ಆ ಬೂದಿಗೂ ಒಂದು ಸರ್ಟಿಫಿಕೇಟ್ ಇರಲೆಂದು ಅವರ ಆಸೆ. ಲ್ಯಾಬಿನ ರೇಣುಕಾ ಮೇಡಂ ಯಂತ್ರ ನೋಡಿ ಹೇಳಿದರು.

"ಇವರು ಹೆಣ್ಮಗಳು ರೀ ಗೌಡ್ರ. ಕುಡಿದಿದ್ದು ಹೊಳಿಯಾಚಿ ನೀರು."

"ಹಂಗಾರ ಟೆಂಪೊ ಕರಸ್ತೀರೇನ್ರಿ?" ಎಂದಳು ದುರುಗವ್ವ.

ಗೌಡರು ಗಂಟಲು ಸರಿಮಾಡಿಕೊಂಡರು. "ಕಟ್ಟಳಿ ಅಂದ್ರ ಎಲ್ಲಾರಿಗೂ ಒಂದ, ಯವ್ವಾ."

"ಹೌದ್ರಿ. ನಿಮ್ಮವ್ವ ನಿಮ್ಮನ್ನ ತವರುಮನ್ಯಾಗ ಹಡದು, ನೀವು ಹೆಜ್ಜಿ ಇಡೂತನಾ ಅಲ್ಲೇ ಇದ್ಲು. ನಿಮ್ಮ ಬೂದಿ ಯಾವೂರಿಗೆ ಹೊಕ್ಕೈತ್ರಿ?"

ಗೌಡರು ಮೇಡಂ ಮುಖ ನೋಡಿದರು.

"ಆ ಎಲುಬು ಅಷ್ಟರಾಗ ಬಲತಿರತೈತ್ರಿ. ಆಮ್ಯಾಲ ಕುಡದ ನೀರಿನ ಗುರುತು ಅದಕ್ಕ ಹತ್ತಂಗಿಲ್ಲ," ಎಂದರು ಮೇಡಂ.

ಕೂತಿದ್ದ ಗಂಡಸರೆಲ್ಲ ಮೆಲ್ಲಗೆ ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಎಲ್ಲರೂ ಪರವೂರಿನಲ್ಲಿ, ತಾಯಿಯ ತವರಲ್ಲಿ ಹುಟ್ಟಿದವರೇ.

ಮೂಲತಾಯಿಯ ಮಾನ ಕಾಯಲು ಕಟ್ಟಳೆಯನ್ನು ಕೈಬಿಟ್ಟಿದ್ದೇವೆಂದು ಗೌಡರು ಗಂಭೀರವಾಗಿ ಸಾರಿದರು. "ಗಂಡನ ಮಗ್ಗಲಿಗೆ ನಿನಗ ಜಾಗ ಐತಿ, ಯವ್ವಾ."

"ಸಿಕ್ತಲ್ರಿ, ಸಾಕು," ಎಂದು ದುರುಗವ್ವ ಸೀರೆ ಕೊಡವಿ ಎದ್ದಳು. "ಇನ್ನ ಅಲ್ಲಿಗೆ ಹೋಗಾಕ ನನಗೇನೂ ಅವಸರ ಇಲ್ಲ."