ಶುದ್ಧ ನೀರಿನ ಬಟ್ಟಲು

ಮತ್ತೆ ಸತ್ತಿದ್ದವು. ಅದೂ ಶುದ್ಧ ನೀರಿನ ಬಟ್ಟಲಿನಲ್ಲೇ.

ರಂಜಿತ ಭೂತಗನ್ನಡಿ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದಳು. ಪಕ್ಕದ ಬಟ್ಟಲುಗಳಲ್ಲಿ, ಕಾರ್ಖಾನೆಯ ಕೊಳಕು ಸೇರಿದ ಸಮುದ್ರದ ನೀರಿನಲ್ಲಿ, ಸೀಗಡಿ ಮರಿಗಳು ಹಾಯಾಗಿ ಓಡಾಡಿಕೊಂಡಿದ್ದವು. ಏನೂ ಸೇರದ ನೀರಿನಲ್ಲಿ ಬಿಟ್ಟವು ಮಾತ್ರ ತಳ ಸೇರಿದ್ದವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಕರಾವಳಿಯ ಬಣ್ಣದ ಕಾರ್ಖಾನೆಯೊಂದು ಸಮುದ್ರಕ್ಕೆ ನೀರು ಬಿಡುತ್ತದಲ್ಲ, ಆ ಜಾಗದ ನೀರು ಕ್ಯಾನುಗಳಲ್ಲಿ ತುಂಬಿ ವೇಮಗಲ್ಲಿನ ಈ ಪುಟ್ಟ ಲ್ಯಾಬಿಗೆ ಬರುತ್ತಿತ್ತು. ಕಣ್ಣಿಗೆ ಧೂಳಿನಷ್ಟು ಕಾಣುವ ಸೀಗಡಿ ಮರಿಗಳನ್ನು ಅದರಲ್ಲಿ ಬಿಡುವುದು; ಮಾರನೇ ದಿನ ಸತ್ತಿದ್ದರೆ ನೀರಿನಲ್ಲಿ ವಿಷವಿದೆ ಎಂದು ಬರೆಯುವುದು. ಹೋಲಿಸಿ ನೋಡಲು ಪಕ್ಕದಲ್ಲಿ ಒಂದು ಬಟ್ಟಲು ಶುದ್ಧ ಉಪ್ಪುನೀರು. ಅದನ್ನು ಕಲಸುವುದು ರಂಜಿತಳ ಕೆಲಸ. ಆ ಬಟ್ಟಲಿನವು ಸತ್ತರೆ ಇಡೀ ಪರೀಕ್ಷೆಯೇ ರದ್ದು. ಈ ತಿಂಗಳೆಲ್ಲ ರದ್ದಾಗಿದ್ದೇ ಆಯಿತು.

ರಂಜಿತ ಸಮುದ್ರ ಕಂಡವಳಲ್ಲ. ಆದರೂ ಮರಿಗಳ ವಿಷಯದಲ್ಲಿ ಅವಳಷ್ಟು ಮಡಿ ಇನ್ನೊಬ್ಬರಿಲ್ಲ. ಸೋಪಿನ ನೊರೆ ತಾಕಿದರೂ ಅವು ಸಾಯುತ್ತವೆ ಎಂದು ಸೌಪರ್ಣಿಕಾ ಮೇಡಂ ಮೊದಲ ದಿನವೇ ಹೇಳಿದ್ದರು. ಲ್ಯಾಬು ಅವರದೇ. ಅಂದಿನಿಂದ ಇವಳ ಕೈಗೆ ಮನೆಯಲ್ಲೂ ಸೋಪಿಲ್ಲ, ಕ್ರೀಮಿಲ್ಲ. ಪೌಡರು ಇರುತ್ತದೆಂದು ಗ್ಲೌಸೂ ಇಲ್ಲ. ಬರೀ ನೀರಿನಲ್ಲಿ ತೊಳೆಯುವಳು, ಒಣಗಿಸುವಳು.

ಫೋನು ಬಂತು. ವಕ್ಕಲೇರಿಯ ಮನೆಯಿಂದ ಅತ್ತೆ ಶ್ಯಾಮಲಮ್ಮ.

"ಮಗೂಗೆ ಇನ್ನೂ ಭೇದಿ ನಿಂತಿಲ್ಲ ಕಣಮ್ಮ. ಜೊಲ್ಲು ಸುರೀತಾನೇ ಐತೆ. ಹಲ್ಲು ಬರೋ ಕಾಲ, ಎಲ್ರಿಗೂ ಇಂಗೇ. ನೀನೇನೂ ಯೋಚ್ನೆ ಮಾಡ್ಬೇಡ."

ಯೋಚನೆ ಮಾಡಲು ಪುರುಸೊತ್ತಾದರೂ ಎಲ್ಲಿತ್ತು? ಬೆಳಕು ಹರಿಯುವ ಮೊದಲೇ ಎದ್ದು ಹಸುವಿನ ಹಾಲು ಕರೆದು, ಡೈರಿಗೆ ಹಾಕಿ, ತೋಟದಲ್ಲಿ ಗಂಡ ಮುನಿಕೃಷ್ಣನಿಗೆ ಔಷಧಿ ಕಲಸಿಕೊಟ್ಟು, ಅಡುಗೆ ಮಾಡಿ, ಮಗುವನ್ನು ಮತ್ತೆ ಮಲಗಿಸಿ ಬಸ್ಸಿಗೆ ಓಡಬೇಕು. ಈಚೆಗಂತೂ ಸದಾ ತಲೆನೋವು. ನಿದ್ದೆಗೆಟ್ಟದ್ದಕ್ಕೇ ಎಂದುಕೊಂಡಿದ್ದಳು.

ಅನುಮಾನವೆಲ್ಲ ಕದಿರೇಶನ ಮೇಲೆ. ಕ್ಯಾನು ತರುವ ಕಾರ್ಖಾನೆಯ ಆಳು. ತಂದಿಟ್ಟವನು ಸುಮ್ಮನೆ ಹೋಗಬಾರದೇ? ಒಳಗೆ ಬಂದು ಬಟ್ಟಲುಗಳ ಮೇಲೆ ಬಗ್ಗುತ್ತಾನೆ.

"ಏನಕ್ಕಾ, ಇವತ್ತೂ ನಿಮ್ ಸೀಗಡಿ ಸಾರಿಗೇ ಹೋದ್ವಾ?" ಎಂದು ಹಲ್ಲು ಕಿರಿಯುತ್ತಾನೆ.

ಶುದ್ಧ ಬಟ್ಟಲಿಗೆ ಏನಾದರೂ ಹನಿ ಬಿಟ್ಟರೆ ಪರೀಕ್ಷೆ ರದ್ದು. ಕಾರ್ಖಾನೆಗೆ ಅದಕ್ಕಿಂತ ಬೇಕೇನು? ರಂಜಿತ ಹೋಗಿ ಮೇಡಂಗೆ ಹೇಳಿಯೇಬಿಟ್ಟಳು. ಮೇಡಂ ಅಂದೇ ಕದಿರೇಶನನ್ನು ಗೇಟಿನಲ್ಲೇ ನಿಲ್ಲಿಸಿದರು. ರಂಜಿತ ಹೊಸದಾಗಿ ನೀರು ಕಲಸಿ ಮರಿ ಬಿಟ್ಟ ಮೇಲೆ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು.

ಮಾರನೇ ದಿನ ಬೀಗ ತೆಗೆದರು. ಶುದ್ಧ ಬಟ್ಟಲಿನಲ್ಲಿ ಒಂದೂ ಅಲ್ಲಾಡಲಿಲ್ಲ.

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಕದಿರೇಶ ಒಳಗೇ ಬಂದಿಲ್ಲ. ಮುಟ್ಟಿರೋಳು ನೀನೊಬ್ಬಳೇ ರಂಜಿತ. ಕಾರ್ಖಾನೆಯವರು ಏನಾದ್ರೂ ಆಸೆ ತೋರಿಸಿದ್ದಾರಾ? ಈಗಲೇ ಹೇಳ್ಬಿಡಮ್ಮ. ಇಲ್ದಿದ್ರೆ ನಾಳೆಯಿಂದ ನೀನು ಬರೋದು ಬೇಡ."

ಕೆಲಸ ಹೋದರೆ ಹೋಗಲಿ, ಕಳ್ಳಿ ಎನ್ನಿಸಿಕೊಂಡು ಹೋಗುವುದೇ?

"ನನ್ ಮಗು ಆಣೆಗೂ ಇಲ್ಲ ಮೇಡಂ! ನಿಮ್ ಮುಂದೇನೇ ಕಲಸ್ತೀನಿ. ಎಲ್ಲಿ ತಪ್ಪು ಮಾಡ್ತೀನೋ ನೀವೇ ನೋಡಿ."

ಮೇಡಂ ಕೈಕಟ್ಟಿ ನಿಂತರು. ರಂಜಿತ ಕೈ ತೊಳೆದಳು, ಬರೀ ನೀರಿನಲ್ಲಿ. ನೀರು ಕಲಸುವ ಜಾರು ತೊಳೆದಳು. ಉಪ್ಪು ತೂಗಿ ಹಾಕಿದಳು. ಗಾಜಿನ ಕಡ್ಡಿಯಿಂದ ತಿರುವಿದಳು. ಆಮೇಲೆ, ಮನೆಯಲ್ಲಿ ಸಾರಿನ ಉಪ್ಪು ನೋಡುವ ಹಾಗೆ, ತೋರುಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಅಯ್ಯೋ, ಇದೇನೇ ಇದು!"

"ಉಪ್ಪು ನೋಡ್ದೆ ಮೇಡಂ. ಉಪ್ಪಿನ ಮೀಟರು ಕೆಟ್ಟಾಗಿಂದ ಇಂಗೇ ನೋಡೋದು. ಕಾರ್ಖಾನೆ ನೀರಿಗೆ ಬೆರಳಿಡಲ್ಲ, ಗಲೀಜು. ಇದು ನಾನೇ ಕಲಸಿದ್ದಲ್ವಾ?"

ಮೇಡಂ ಅವಳ ಕೈಯನ್ನು ಸರ್ರನೆ ಎಳೆದು ಮೂಸಿದರು. ಮುಖ ಕಿವುಚಿದರು.

"ಏನು ವಾಸನೆ ಇದು? ಬೆಳಿಗ್ಗೆ ಏನು ಮುಟ್ಟಿದ್ದೆ?"

"ಟೊಮೊಟೊಗೆ ಹುಳ ಬಿದ್ದೈತೆ ಮೇಡಂ. ದಿನಾ ಡ್ರಮ್ಮಲ್ಲಿ ಔಷಧಿ ಕಲಸ್ಕೊಟ್ಟು ಬರ್ತೀನಿ. ಹುಳದೌಷಧಿ..." ಅವಳು ತನ್ನ ಬೆರಳನ್ನೇ ನೋಡಿಕೊಂಡಳು.

"ಎಷ್ಟು ದಿನದಿಂದ?"

"ಒಂದು ತಿಂಗಳಾಯ್ತು."

ಮೇಡಂ ನಿಟ್ಟುಸಿರಿಟ್ಟರು. "ಪಾಪ, ಆ ಕದಿರೇಶನನ್ನ ಸುಮ್ಮನೆ ಗೇಟಲ್ಲಿ ನಿಲ್ಲಿಸಿದ್ವಿ. ಬೆರಳಿಗೆ ಅಂಟಿರೋದು ಸಾಕು ಕಣಮ್ಮ, ಆ ಮರಿಗಳು ಸಾಯೋಕೆ. ನಿನ್ನ ಮೇಲೆ ಅನುಮಾನ ಪಟ್ಟೆ, ಬೇಜಾರು ಮಾಡ್ಕೋಬೇಡ. ನಾಳೆಯಿಂದ ಸೋಪು ಹಾಕಿ ಚೆನ್ನಾಗಿ ಕೈ ತೊಳ್ಕೊಂಡು ಬಾ, ಅಷ್ಟೇ."

ನಾಳೆ ಬಾ ಎಂದರಲ್ಲ! ರಂಜಿತ ಸ್ಟೂಲು ಎಳೆದುಕೊಂಡು ಕೂತು, ಎಷ್ಟೋ ದಿನದ ಮೇಲೆ ನಕ್ಕಳು. ಸದ್ಯ, ಕೆಲಸ ಉಳಿಯಿತು. ಸತ್ತದ್ದು ಬರೀ ಸೀಗಡಿ ಮರಿಗಳು.

ಫೋನು ಬಡಿದುಕೊಂಡಿತು. ನಗುತ್ತಲೇ ಕಿವಿಗಿಟ್ಟುಕೊಂಡಳು.

"ಬೇಗ ಬಾರಮ್ಮ," ಅತ್ತೆಯ ದನಿ ನಡುಗುತ್ತಿತ್ತು, "ಮಗು ತುಂಬಾ ಸುಸ್ತಾಗೈತೆ, ನಿದ್ದೇನೂ ಇಲ್ಲ; ದಿನಾ ನಿನ್ನ ಬೆರಳು ಚೀಪ್ತಾ ಮಲ್ಗಿ ರೂಢಿ ಅಲ್ವಾ."