ಇದ್ದದ್ದು ಇದ್ದಂಗ

ಮುಕುಂದ ಆ ಡಿಎಸ್ಎಲ್ಆರ್ ಕ್ಯಾಮೆರಾವನ್ನು ಸತ್ತ ಇಲಿಯ ಹಾಗೆ ಎರಡೇ ಬೆರಳಲ್ಲಿ ಎತ್ತಿ ಹಿಡಿದ.

"ಕಾಕು, ಇದು ಕ್ಯಾಮೆರಾ ಅಲ್ಲರೀ, ಸಾಬೂನಿನ ಡಬ್ಬಿ. ಪ್ಲಾಸ್ಟಿಕ್ ಮೈ, ಮಂದ ಲೆನ್ಸು. ಕಲಿಯೋರ ಆಟಿಗಿ."

ಸೇಡಂ ರಸ್ತೆಯಲ್ಲಿ ಮುಕುಂದನ ಸ್ಟುಡಿಯೊ ಎಂದರೆ ಸುಮ್ಮನೆಯೇ? ಅವನು ಟಚಪ್ ಮಾಡಿದ ಫೋಟೊ ನಂಬಿ ಎಮ್ಮೆಯನ್ನು ಆಕಳೆಂದು ಕೊಂಡುಹೋದವರಿದ್ದಾರೆ. ಸೂರ್ಯನೂ ಅವನನ್ನು ಕೇಳಿಯೇ ಬೆಳಕು ಬಿಡುತ್ತಿದ್ದ. ಕಲಬುರ್ಗಿಯ ಮೇ ತಿಂಗಳು, ಹಲ್ಲಿಗಳು ನೆರಳನ್ನು ಬಾಡಿಗೆಗೆ ಹಿಡಿಯುವ ಹೊತ್ತು. ಅವನು ಮಾತ್ರ ಬಿಗಿಯಾದ ಕ್ಯಾಪ್ ಹಾಕಿಕೊಂಡೇ ಕೂತಿದ್ದ. ಕಲಾವಿದನಲ್ಲವೇ.

ಒಂದು ಕಣ್ಣು ಮಾತ್ರ ಫೋನಿನ ಮೇಲಿತ್ತು. ಕಮಲಾಪುರದ ಹೆಣ್ಣಿನ ಕಡೆಯವರು ಜಾತಕ, ಫೋಟೊ ಎರಡನ್ನೂ ಮೆಚ್ಚಿ, ಇವತ್ತು ಕಡೆಯ ಮಾತು ಹೇಳುವವರಿದ್ದರು. ಇದೂ ತಪ್ಪಿದರೆ ತಾನು ಮದುವೆಯ ಫೋಟೊ ತೆಗೆಯಬೇಕೇ ಹೊರತು ತೆಗೆಸಿಕೊಳ್ಳುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಅಳಿಯ ಹೈದರಾಬಾದಿನಿಂದ ತಂದಾನಪಾ, ಇಟ್ಕೋಬೇಕೋ ಬ್ಯಾಡೋ ನೀನೇ ಹೇಳು," ಎಂದಳು ಮುಕ್ತಾಬಾಯಿ, ದಪ್ಪ ಕೈಚೀಲವನ್ನು ಟೇಬಲ್ ಮೇಲಿಡುತ್ತ. ಈ ಗಿರಾಕಿಯನ್ನು ಅವನು ನೋಡಿದ್ದು ಇವತ್ತೇ ಮೊದಲು. "ಒಮ್ಮೆ ಮನಿಗೆ ತಂದುಕೊಂಡಮ್ಯಾಲೆ ದಿನಾ ಬಾಳಿಕಿ ಬರಬೇಕು ನೋಡು. ಇದ್ದದ್ದು ಇದ್ದಂಗ ತೋರಸ್ತದೇನು?"

"ಅದೇ ಇದರ ರೋಗ. ಮಾರಿ ಮ್ಯಾಲಿನ ಕಲೀನೂ ಬಿಡಂಗಿಲ್ಲ. ಇದ್ದದ್ದು ನೋಡ್ಲಿಕ್ಕೆ ಕನ್ನಡಿ ಸಾಕಲ್ಲರೀ. ಫೋಟೊ ಅಂದ್ರ ಇಲ್ಲದ್ದೂ ಬರಬೇಕು."

"ಹೌದಾ? ಹಂಗಾರ ಒಂದು ತೆಗದು ನೋಡ್ತೀನಿ. ನಿಂದೇ."

ಅವಳು ಕ್ಯಾಮೆರಾ ಹಿಡಿದದ್ದು ಲಟ್ಟಣಿಗೆ ಹಿಡಿದಂತಿತ್ತು. ಮುಕುಂದ ಮೂಗಿನಲ್ಲೇ ನಕ್ಕ. ಆದರೂ ಹೇಳಿದಂತೆ ನಿಂತ, ಹೊರಳಿದ, ಬಾಗಿಲತನಕ ನಡೆದು ತೋರಿಸಿದ.

"ಟೊಪ್ಪಿಗಿ ನೆರಳು ಹಣಿಮ್ಯಾಲೆ ಬೀಳ್ಲಿಕತ್ತದ. ತೆಗಿಯಪಾ."

ಬೆಳಕಿನ ಬಗ್ಗೆ ಅವನಿಗೇ ಪಾಠ! "ತಗೋರಿ. ಯಾವ ಬೆಳಕಾದ್ರೂ ಈ ಡಬ್ಬಿ ಹಣೇಬರಹ ಇಷ್ಟೇ," ಎಂದು ಕ್ಯಾಪ್ ಕಿತ್ತೆಸೆದ.

ಕ್ಲಿಕ್.

ಮುಕ್ತಾಬಾಯಿ ಕ್ಯಾಮೆರಾದ ಬೆನ್ನಿನ ಪರದೆಯನ್ನು ನೋಡಿದಳು. ಅವನನ್ನೂ ನೋಡಿದಳು. ಮತ್ತೆ ಪರದೆ.

"ಕ್ಯಾಮೆರಾ ಛಲೋ ಅದ. ಇದನ್ನ ಇಟ್ಕೋತೀವಿ."

ಅವಳು ಚೀಲ ತೆರೆದಾಗ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಇಣುಕಿತು. ಮುಕುಂದ ತನಗೇ ಇರಬೇಕೆಂದು ಕೈ ಚಾಚಿದ. ಅವಳು ಹಣ್ಣನ್ನು ಒಳಗೇ ಒತ್ತಿ, ಅದರಡಿಯಿಂದ ಒಂದು ಫೋಟೊ ಎಳೆದು ಅವನ ಅಂಗೈಯಲ್ಲಿಟ್ಟಳು. ಅದರಲ್ಲಿ ಅವನೇ ಇದ್ದ, ಹಣೆತುಂಬ ಗುಂಗುರು ಕೂದಲು ಬಿಟ್ಟುಕೊಂಡು.

"ಹುಡುಗಿ ಸೋದರತ್ತಿ ನಾನು. ಈ ಕೂದಲಾ ನಿನ್ನ ಕಡೀನೇ ಇರ್ಲಿ."